ವಂಶಾವಳಿಯಲ್ಲಿ ಒಬ್ಬ ಸೆರೆಯಾಳು

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹುಡುಕಿದರೆ ಕೈಗೆ ಸಿಕ್ಕುವುದು ನಮಗೆ ರುಚಿಸದೆ ಹೋದೀತು ಎಂಬ ಎಚ್ಚರ ಆ ಮಾತಿನಲ್ಲಿ ಅಡಗಿದೆ. ಇಂಗ್ಲೆಂಡಿನ ಜನಸಾಮಾನ್ಯರು ಕೆಲವು ದಶಕಗಳಿಂದ ಮಾಡುತ್ತಿರುವುದು ಇದಕ್ಕೆ ನೇರವಾಗಿ ವಿರುದ್ಧವಾದ ಕೆಲಸ. ಅರಸುಮನೆತನದವರಲ್ಲ, ಜಮೀನುದಾರರಲ್ಲ, ಗುಮಾಸ್ತರು, ದಾದಿಯರು, ಉಪಾಧ್ಯಾಯರು, ನಿವೃತ್ತರಾದ ರೈಲ್ವೆ ನೌಕರರು ಬಿಡುವು ದೊರೆತಾಗಲೆಲ್ಲ ಪತ್ರಾಗಾರಗಳಲ್ಲಿ ಕುಳಿತು ತಮ್ಮ ಮುತ್ತಜ್ಜನ ತಂದೆ ಯಾರು, ಆತನ ತಾಯಿ ಯಾವ ಹಳ್ಳಿಯವಳು ಎಂದು ಹಳೆಯ ಕಡತಗಳನ್ನು ತಿರುವಿಹಾಕುತ್ತಾರೆ. ಹೀಗೆ ಹುಡುಕುತ್ತ ಹತ್ತೊಂಬತ್ತನೆಯ ಶತಮಾನಕ್ಕೆ ಬರುವಷ್ಟರಲ್ಲಿ ಅವರಲ್ಲಿ ಅನೇಕರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ನಮ್ಮ ಮನೆತನದ ಈ ಮನುಷ್ಯ ಅಪರಾಧಿಯಾಗಿದ್ದನೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮ ಹೇಗೆ ಎಂಬುದನ್ನು ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ. ಆದರೆ ಕ್ರಮಕ್ಕೆ ಮೊದಲು ಶಬ್ದವನ್ನು ಪರಿಶೀಲಿಸಬೇಕು. ಪಂಡಿತ ವರ್ಗದವರಿಗೆ ಇದೊಂದು ಚಾಳಿ. ಅಪರಾಧಿ ಎಂದರೆ ಆ ಕಾಲದ ಇಂಗ್ಲೆಂಡಿನಲ್ಲಿ ಯಾರು?

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ದೇಶದ ಕಾನೂನಿನ ಪ್ರಕಾರ 200ಕ್ಕೂ ಮಿಕ್ಕ ಅಪರಾಧಗಳಿಗೆ ಮರಣದಂಡನೆ ವಿಧಿಸಬಹುದಾಗಿತ್ತು. ಚರಿತ್ರಕಾರರು ಇದಕ್ಕೆ ನೆತ್ತರ ಸಂಹಿತೆಯೆಂದೇ ಹೆಸರಿಟ್ಟಿದ್ದಾರೆ. ಕೊಲೆಗೆ ಗಲ್ಲು ಎಂದರೆ ನಮಗೆ ಅರ್ಥವಾಗುತ್ತದೆ. ಆದರೆ ವಾಸದ ಮನೆಯೊಳಗಿಂದ 40 ಷಿಲಿಂಗ್ ಬೆಲೆಯ ವಸ್ತು ಕದ್ದರೂ ಗಲ್ಲೇ! ಜ್ಯೂರಿಯಲ್ಲಿ ಕುಳಿತ ಪಂಚರಿಗೆ ಇದು ಮನಸ್ಸಿಗೆ ಒಗ್ಗುತ್ತಿರಲಿಲ್ಲ. ಆದ್ದರಿಂದ ಎಷ್ಟೋ ಮೊಕದ್ದಮೆಗಳಲ್ಲಿ ಅವರು, ಕಳವಾದ ಮಾಲಿನ ಬೆಲೆ 39 ಷಿಲಿಂಗ್ ಎಂದು ತೀರ್ಮಾನ ಕೊಟ್ಟು ಆರೋಪಿಯ ಕೊರಳನ್ನು ಉಳಿಸುತ್ತಿದ್ದರು. ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದ ವರದಿಗಳನ್ನು ಓದುವವರಿಗೆ ಈ 39 ಎಂಬ ಸಂಖ್ಯೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅದು ಅಂಗಡಿಯ ಬೆಲೆಯಲ್ಲ, ಕರುಣೆಯ ಬೆಲೆ. 1820ರ ದಶಕದಲ್ಲಿ ರಾಬರ್ಟ್ ಪೀಲ್ ಗೃಹಮಂತ್ರಿಯಾಗಿದ್ದಾಗ ಈ ಕಾನೂನುಗಳ ಕಟ್ಟು ಸಡಿಲವಾಗತೊಡಗಿತು. 1861ರ ವೇಳೆಗೆ ಕೊಲೆ, ರಾಜದ್ರೋಹ ಮೊದಲಾದ ನಾಲ್ಕೇ ಅಪರಾಧಗಳಿಗೆ ಮರಣದಂಡನೆ ಉಳಿಯಿತು.

ಗಲ್ಲಿನ ಮಾತು ಹಾಗಿರಲಿ. ಸಣ್ಣಪುಟ್ಟ ಅಪರಾಧಗಳ ಪಟ್ಟಿ ಇನ್ನೂ ಉದ್ದವಾಗಿತ್ತು. 1824ರ ಅಲೆಮಾರಿ ಕಾನೂನಿನಂತೆ, ಜೀವನಕ್ಕೆ ದಾರಿಯಿಲ್ಲದವನು ಬಯಲಿನಲ್ಲೋ ಯಾರದೋ ಕೊಟ್ಟಿಗೆಯಲ್ಲೋ ಮಲಗಿದರೆ ಸೆರೆಮನೆ. 1828ರ ಕಾನೂನಿನಂತೆ, ರಾತ್ರಿ ವೇಳೆ ಜಮೀನುದಾರನ ನೆಲದಲ್ಲಿ ಮೊಲವನ್ನೋ ಕಾಡುಕೋಳಿಯನ್ನೋ ಬೇಟೆಯಾಡಿದವನಿಗೆ ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಆರು ತಿಂಗಳು, ಮೂರನೆಯ ಸಲ ಸಿಕ್ಕಿಬಿದ್ದರೆ ಏಳು ವರ್ಷ ಸಮುದ್ರದಾಚೆಗೆ. ಮಕ್ಕಳ ಹಸಿವೆಯನ್ನು ಕಾನೂನು ಕೇಳುತ್ತಿರಲಿಲ್ಲ.

ಇನ್ನು ಸಾಲಗಾರರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ಹೆಸರನ್ನು ಕೇಳದ ವಿದ್ಯಾವಂತರಿಲ್ಲ. ಅವನ ತಂದೆ ಜಾನ್ ಡಿಕನ್ಸ್ 1824ರಲ್ಲಿ ಸಾಲ ತೀರಿಸಲಾರದೆ ಲಂಡನ್ನಿನ ಮಾರ್ಷಲ್ಸೀ ಸೆರೆಮನೆ ಸೇರಿದ. ಹನ್ನೆರಡು ವರ್ಷದ ಮಗ ಬೂಟಿನ ಕಪ್ಪುಮಸಿ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯಬೇಕಾಯಿತು. ಜಾನ್ ಡಿಕನ್ಸ್ ಸೆರೆಯಾಳು ನಿಜ, ಅಪರಾಧಿಯಲ್ಲ. ಸಾಲಕ್ಕಾಗಿ ಸೆರೆಗೆ ತಳ್ಳುವ ಪದ್ಧತಿ ಬಹುಮಟ್ಟಿಗೆ ನಿಂತದ್ದು 1869ರಲ್ಲಿ. ಆದ್ದರಿಂದ ಸೆರೆಮನೆಯ ಪುಸ್ತಕದಲ್ಲಿ ಪೂರ್ವಿಕನ ಹೆಸರು ಕಂಡ ಮಾತ್ರಕ್ಕೆ ಅವನನ್ನು ಕಳ್ಳನೆಂದು ಬರೆದುಕೊಳ್ಳುವುದು ಅನ್ಯಾಯ.

ಹಾಗಾದರೆ ಹುಡುಕುವುದು ಹೇಗೆ? ತಿಳಿದದ್ದರಿಂದ ತಿಳಿಯದುದರ ಕಡೆಗೆ ನಡೆಯಬೇಕೆಂದು ಪಾಠಕ್ರಮದಲ್ಲಿ ಹೇಳುವುದುಂಟು. ಇಲ್ಲಿಯೂ ಅದೇ ಸೂತ್ರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರ ಜುಲೈ 1ರಿಂದ ಜನನ, ವಿವಾಹ, ಮರಣಗಳನ್ನು ಸರ್ಕಾರವೇ ದಾಖಲೆಮಾಡುತ್ತ ಬಂದಿದೆ. ಅದಕ್ಕೆ ಹಿಂದೆ ಇದ್ದದ್ದು ಚರ್ಚಿನ ಪುಸ್ತಕ. ಹತ್ತು ವರ್ಷಕ್ಕೊಮ್ಮೆ ಜನಗಣತಿ. 1841ರ ಗಣತಿಯಿಂದ ಪ್ರತಿಯೊಬ್ಬರ ಹೆಸರೂ ಸಿಕ್ಕುತ್ತದೆ. ಆ ವರ್ಷದ ಗಣತಿಯಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ; 34 ವರ್ಷದವನು 30 ಎಂದಾಗಿರುತ್ತಾನೆ. 1851ರಿಂದ ವಯಸ್ಸು, ಹುಟ್ಟಿದ ಊರು, ಯಜಮಾನನೊಡನೆ ಇರುವ ಸಂಬಂಧ ಎಲ್ಲವೂ ಸ್ಪಷ್ಟ.

ಈ ಗಣತಿಯಲ್ಲೇ ಮೊದಲ ಸುಳಿವು ಸಿಕ್ಕುವುದು. 1841ರಲ್ಲಿ ಗಂಡ, ಹೆಂಡತಿ, ಮೂವರು ಮಕ್ಕಳು. 1851ರಲ್ಲಿ ಹೆಂಡತಿ ಮತ್ತು ಮಕ್ಕಳು ಇದ್ದಾರೆ, ಗಂಡನಿಲ್ಲ. ಆಕೆ ವಿಧವೆಯೆಂದು ಬರೆಸಿಲ್ಲ, ವಿವಾಹಿತೆಯೆಂದೇ ಬರೆಸಿದ್ದಾಳೆ. ಮರಣದ ದಾಖಲೆಯಲ್ಲೂ ಅವನಿಲ್ಲ. ಎಲ್ಲಿ ಹೋದ? ಸೈನ್ಯಕ್ಕೆ ಸೇರಿರಬಹುದು, ಹಡಗಿನ ಮೇಲಿರಬಹುದು, ಕೆಲಸಕ್ಕಾಗಿ ಬೇರೆ ಜಿಲ್ಲೆಗೆ ಹೋಗಿರಬಹುದು, ಹೆಂಡತಿಯನ್ನು ಬಿಟ್ಟು ಓಡಿಯೂ ಇರಬಹುದು. ಸೆರೆಮನೆ ಎಂಬುದು ಈ ಸಾಧ್ಯತೆಗಳಲ್ಲಿ ಒಂದು ಮಾತ್ರ. ಗಣತಿಯವರು ಸೆರೆಮನೆಗಳಿಗೂ ಹೋಗಿ ಪಟ್ಟಿ ಮಾಡಿದ್ದರು. ಆದರೆ ಕೆಲವು ಸೆರೆಮನೆಗಳ ಪಟ್ಟಿಯಲ್ಲಿ ಕೈದಿಗಳ ಪೂರ್ಣ ಹೆಸರಿಲ್ಲ, ಬರಿಯ ಮೊದಲಕ್ಷರಗಳಿವೆ. ಮಾನ ಕಾಯುವುದಕ್ಕೆ ಮಾಡಿದ್ದೋ ಬರೆಯುವ ಶ್ರಮ ಉಳಿಸುವುದಕ್ಕೆ ಮಾಡಿದ್ದೋ, ಇಂದಿನವರಿಗಂತೂ ಅದು ತಲೆನೋವು.

ಸುಳಿವು ಸಿಕ್ಕಿದ ಮೇಲೆ ನ್ಯಾಯಾಲಯದ ಕಡತಗಳು. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಮೂರು ಮೆಟ್ಟಿಲುಗಳಿದ್ದುವು. ಕೆಳಗಿನದು ಪೆಟ್ಟಿ ಸೆಷನ್ಸ್. ಊರಿನ ಗೌರವ ಮ್ಯಾಜಿಸ್ಟ್ರೇಟರು ಜ್ಯೂರಿಯಿಲ್ಲದೆ ಕುಡುಕತನ, ಹೊಡೆದಾಟ ಮೊದಲಾದುವನ್ನು ವಿಚಾರಿಸುತ್ತಿದ್ದ ಸ್ಥಳ. ಅದರ ಮೇಲೆ ವರ್ಷಕ್ಕೆ ನಾಲ್ಕು ಸಲ ಕೂಡುತ್ತಿದ್ದ ಕ್ವಾರ್ಟರ್ ಸೆಷನ್ಸ್. ಅದಕ್ಕೂ ಮೇಲೆ ರಾಜಧಾನಿಯಿಂದ ನ್ಯಾಯಾಧೀಶರು ಜಿಲ್ಲೆಯಿಂದ ಜಿಲ್ಲೆಗೆ ಸಂಚಾರ ಬಂದು ನಡೆಸುತ್ತಿದ್ದ ಅಸೈಜ್ ನ್ಯಾಯಾಲಯ. ಕೊಲೆ, ದರೋಡೆಗಳಂಥ ಘೋರ ಅಪರಾಧಗಳೆಲ್ಲ ಅಲ್ಲಿಗೆ. ಕ್ವಾರ್ಟರ್ ಸೆಷನ್ಸಿನ ಕಾಗದಗಳು ಆಯಾ ಜಿಲ್ಲೆಯ ಪತ್ರಾಗಾರದಲ್ಲಿಯೂ, ಅಸೈಜಿನವು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿಯೂ ಇವೆ. ಲಂಡನ್ನಿನವರ ಭಾಗ್ಯ ಇನ್ನೂ ದೊಡ್ಡದು. ಓಲ್ಡ್ ಬೈಲಿಯಲ್ಲಿ 1674ರಿಂದ 1913ರವರೆಗೆ ನಡೆದ ವಿಚಾರಣೆಗಳ ಅಚ್ಚಾದ ವರದಿಗಳು ಈಗ ಅಂತರಜಾಲದಲ್ಲಿ ಉಚಿತವಾಗಿ ಓದಲು ದೊರೆಯುತ್ತವೆ; ಸುಮಾರು ಎರಡು ಲಕ್ಷ ಮೊಕದ್ದಮೆಗಳು. ಕೆಲವಕ್ಕೆ ಎರಡೇ ಸಾಲು, ಕೆಲವಕ್ಕೆ ಸಾಕ್ಷಿಗಳು ಆಡಿದ ಮಾತೂ ಸಹಿತ.

ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರಿಗೆ ಅತ್ಯಂತ ಉಪಯುಕ್ತವಾದದ್ದು ಗೃಹಖಾತೆಯ ಅಪರಾಧ ದಾಖಲೆ ಪುಸ್ತಕ. 1805ರಿಂದ 1892ರವರೆಗೆ ವರ್ಷವರ್ಷವೂ ಜಿಲ್ಲೆಜಿಲ್ಲೆಯಾಗಿ, ಜ್ಯೂರಿಯ ಮುಂದೆ ನಿಂತ ಆರೋಪಿಗಳ ಹೆಸರು, ಆರೋಪ, ತೀರ್ಪು, ಶಿಕ್ಷೆ ಇವನ್ನು ಅದರಲ್ಲಿ ಬರೆದಿಟ್ಟಿದ್ದಾರೆ. 1834ರಿಂದ 1848ರವರೆಗಿನ ಪುಟಗಳಲ್ಲಿ ವಯಸ್ಸು ಮತ್ತು ಓದುಬರಹದ ಮಟ್ಟವೂ ಉಂಟು. ಒಂದು ಎಚ್ಚರಿಕೆ: 1855ರ ಕಾನೂನಿನ ನಂತರ 5 ಷಿಲಿಂಗಿಗೆ ಮೀರದ ಕಳವುಗಳನ್ನು ಆರೋಪಿ ಒಪ್ಪಿದರೆ ಮ್ಯಾಜಿಸ್ಟ್ರೇಟರೇ ಇತ್ಯರ್ಥಮಾಡಬಹುದಾಯಿತು. ಅಂಥವರ ಹೆಸರು ಈ ಪುಸ್ತಕಕ್ಕೆ ಬರಲಿಲ್ಲ. ಅವರನ್ನು ಪೆಟ್ಟಿ ಸೆಷನ್ಸಿನ ಪುಸ್ತಕದಲ್ಲೋ ಊರಿನ ವೃತ್ತಪತ್ರಿಕೆಯಲ್ಲೋ ಹುಡುಕಬೇಕು. ಪತ್ರಿಕೆಗಳಂತೂ ಪೊಲೀಸು ಸುದ್ದಿಯೆಂದರೆ ಜಾಗ ಬಿಟ್ಟುಕೊಡುತ್ತಿದ್ದುವು. ಆ ವಿಷಯದಲ್ಲಿ ಕಾಲ ಬದಲಾಗಿಲ್ಲ.

ಇಲ್ಲಿಯವರೆಗಿನ ಕೆಲಸಕ್ಕೆ ತಾಳ್ಮೆ ಸಾಕು. ಇನ್ನು ಮುಂದೆ ಬೇಕಾದದ್ದು ನ್ಯಾಯಬುದ್ಧಿ. ನಿಮ್ಮ ಪೂರ್ವಿಕ ವಿಲಿಯಂ ಟೇಲರ್, ಕೆಂಟ್ ಜಿಲ್ಲೆಯ ಕೂಲಿಯವನು ಎಂದಿಟ್ಟುಕೊಳ್ಳಿ. ದಾಖಲೆ ಪುಸ್ತಕದಲ್ಲಿ ಕೆಂಟ್ ಜಿಲ್ಲೆಯ ವಿಲಿಯಂ ಟೇಲರ್ ಕುರಿ ಕದ್ದು ಶಿಕ್ಷೆ ಹೊಂದಿದ್ದಾನೆ. ಸಿಕ್ಕಿದ ಎಂದು ಹಿಗ್ಗುವುದೋ ಕುಗ್ಗುವುದೋ ಎರಡೂ ಅವಸರದ ಕೆಲಸ. ಒಂದು ಜಿಲ್ಲೆಯಲ್ಲಿ ಆ ಹೆಸರಿನವರು ಹತ್ತಾರು ಮಂದಿ ಇದ್ದಾರು. ಒಂದೇ ಹಳ್ಳಿಯಲ್ಲಿ ದೊಡ್ಡಪ್ಪನ ಮಗ, ಚಿಕ್ಕಪ್ಪನ ಮಗ ಇಬ್ಬರಿಗೂ ಅಜ್ಜನ ಹೆಸರನ್ನೇ ಇಡುವುದು ಅಲ್ಲಿಯೂ ವಾಡಿಕೆ. ವಯಸ್ಸು ಹೊಂದುತ್ತದೆಯೆ? ಹುಟ್ಟಿದ ಊರು ಯಾವುದು? ಕಸುಬು ಅದೇ ಆಗಿತ್ತೆ? ಮದುವೆಯ ಪುಸ್ತಕದಲ್ಲಿ ನಿಮ್ಮವನು ಸಹಿ ಮಾಡಿದ್ದು, ಸೆರೆಮನೆಯ ಪುಸ್ತಕ ಓದುಬರಹ ಬಾರದವನೆಂದರೆ ಅವನು ಬೇರೆಯವನಿರಬಹುದು. ಅವನು ಸೆರೆಯಲ್ಲಿದ್ದ ಕಾಲದಲ್ಲಿ ನಿಮ್ಮವನು ಊರಿನ ಚರ್ಚಿಗೆ ಮಗುವನ್ನು ಹೊತ್ತು ಬಂದು ನಾಮಕರಣ ಮಾಡಿಸಿದ್ದರೆ ಅಲ್ಲಿಗೆ ಪ್ರಶ್ನೆ ತೀರಿತು. ಸತ್ತವನು ಎದ್ದು ಬಂದು ಪ್ರತಿವಾದ ಹೂಡಲಾರ. ಅವನ ಪರವಾಗಿ ವಕಾಲತ್ತು ವಹಿಸಬೇಕಾದವನೂ ಹುಡುಕುವವನೇ.

ಹೆಸರು ಅವನದೇ ಎಂದು ಸ್ಥಿರಪಟ್ಟರೂ ತೀರ್ಪಿನ ಅಂಕಣವನ್ನು ನೋಡದೆ ಪುಸ್ತಕ ಮುಚ್ಚಬಾರದು. ಆರೋಪ ಹೊತ್ತವರೆಲ್ಲ ಅಪರಾಧಿಗಳಲ್ಲ. ಕಾದಂಬರಿಗಾರ್ತಿ ಜೇನ್ ಆಸ್ಟೆನಳ ಸೋದರಮಾವನ ಹೆಂಡತಿ ಜೇನ್ ಲೀ ಪೆರೊ ಎಂಬ ಸ್ಥಿತಿವಂತ ಮಹಿಳೆ, 1799ರಲ್ಲಿ ಬಾತ್ ನಗರದ ಅಂಗಡಿಯೊಂದರಿಂದ 20 ಷಿಲಿಂಗ್ ಬೆಲೆಯ ಬಿಳಿಯ ಲೇಸನ್ನು ಕದ್ದಳೆಂಬ ಆರೋಪಕ್ಕೆ ಗುರಿಯಾದಳು. ತಿಂಗಳುಗಟ್ಟಲೆ ಇಲ್ಚೆಸ್ಟರಿನ ಸೆರೆಮನೆಯ ಅಧಿಕಾರಿಯ ಮನೆಯಲ್ಲಿ ಬಂದಿಯಾಗಿದ್ದು, 1800ರ ಮಾರ್ಚಿನಲ್ಲಿ ಟಾಂಟನ್ನಿನ ಅಸೈಜಿನಲ್ಲಿ ನಿರ್ದೋಷಿಯೆಂದು ಬಿಡುಗಡೆ ಹೊಂದಿದಳು. ಆಕೆಗೆ ಒಳ್ಳೆಯ ವಕೀಲರಿದ್ದರು. ಅದೇ ಆರೋಪ ಹೊತ್ತ ಮನೆಗೆಲಸದ ಹುಡುಗಿಗೆ ಯಾರಿದ್ದರು?

ಶಿಕ್ಷೆಯ ಅಂಕಣದಲ್ಲಿಯೂ ಒಂದು ಗುಂಡಿಯುಂಟು. 1823ರ ಕಾನೂನಿನಂತೆ, ಕೊಲೆಯಲ್ಲದ ಅಪರಾಧಗಳಲ್ಲಿ ನ್ಯಾಯಾಧೀಶನು ಮರಣದಂಡನೆಯನ್ನು ಬಾಯಿಬಿಟ್ಟು ಹೇಳದೆ ಕಡತದಲ್ಲಿ ಮಾತ್ರ ಬರೆಸಬಹುದಾಗಿತ್ತು. 'ಮರಣ ದಾಖಲಾಯಿತು' ಎಂಬ ಆ ಒಕ್ಕಣೆಯ ಅರ್ಥ, ಈ ಮನುಷ್ಯ ಸಾಯಬೇಕಾಗಿಲ್ಲ ಎಂದು! ಅಮೆರಿಕದ ಹೆಸರಾಂತ ಲೇಖಕಿಯೊಬ್ಬರು ಈ ಮಾತನ್ನು ಅಕ್ಷರಶಃ ಓದಿ, ಹಲವರನ್ನು ಗಲ್ಲಿಗೇರಿಸಿದರೆಂದು ಪುಸ್ತಕದಲ್ಲಿ ಬರೆದಿದ್ದರು. 2019ರಲ್ಲಿ ಬಿ.ಬಿ.ಸಿ. ಬಾನುಲಿಯ ಸಂದರ್ಶನ ನಡೆಯುತ್ತಿದ್ದಾಗಲೇ ಸಂದರ್ಶಕರು ಅದರ ನಿಜವಾದ ಅರ್ಥವನ್ನು ಅವರಿಗೆ ತಿಳಿಸಬೇಕಾಯಿತು. ಕಡತದ ಭಾಷೆಗೆ ಕಡತದ ಕೋಶವೇ ಬೇಕು. ಮನೆಯ ನಿಘಂಟು ಸಾಲದು.

ಇನ್ನು ಸಮುದ್ರದಾಚೆಗಿನ ಶಿಕ್ಷೆ. ಇಂಗ್ಲಿಷಿನಲ್ಲಿ ಇದನ್ನು ಟ್ರಾನ್ಸ್‌ಪೋರ್ಟೇಷನ್ ಎನ್ನುತ್ತಿದ್ದರು. ಈಗ ಆ ಶಬ್ದ ಕೇಳಿದರೆ ನಮಗೆ ಲಾರಿಯೂ ಬಸ್ಸೂ ನೆನಪಾಗುತ್ತವೆ. ನಮ್ಮ ಹಳೆಯ ಬರಹಗಾರರು ಬಳಸುತ್ತಿದ್ದ ದ್ವೀಪಾಂತರವಾಸ ಎಂಬ ಮಾತಿನಲ್ಲಿ ಅದರ ಭಯ ಇನ್ನೂ ಉಳಿದಿದೆ. ಅಮೆರಿಕದ ವಸಾಹತುಗಳು ಕೈಬಿಟ್ಟುಹೋದ ಮೇಲೆ ಇಂಗ್ಲೆಂಡ್ ತನ್ನ ಕೈದಿಗಳನ್ನು ಆಸ್ಟ್ರೇಲಿಯಕ್ಕೆ ಕಳುಹಿಸತೊಡಗಿತು. 1788ರಲ್ಲಿ ಮೊದಲ ನೌಕಾಪಡೆ ಅಲ್ಲಿ ಇಳಿದಂದಿನಿಂದ 1868ರ ಜನವರಿಯಲ್ಲಿ ಕೊನೆಯ ಹಡಗು ಫ್ರೀಮ್ಯಾಂಟಲ್ ಬಂದರನ್ನು ಮುಟ್ಟುವವರೆಗೆ ಸುಮಾರು 1,62,000 ಮಂದಿ ಹೀಗೆ ಹೋದರು. ಅವರಲ್ಲಿ ಸುಮಾರು 25,000 ಹೆಂಗಸರು. ಹಡಗು ಹೊರಡುವವರೆಗೆ ಎಷ್ಟೋ ಮಂದಿಯನ್ನು ಥೇಮ್ಸ್ ನದಿಯಲ್ಲೂ ಪೋರ್ಟ್ಸ್‌ಮತ್ ಬಂದರಿನಲ್ಲೂ ಲಂಗರು ಹಾಕಿ ನಿಲ್ಲಿಸಿದ್ದ, ಪಟಸ್ತಂಭ ಕಿತ್ತ ಹಳೆಯ ಯುದ್ಧನೌಕೆಗಳಲ್ಲಿ ಕೂಡಿಹಾಕುತ್ತಿದ್ದರು. ಈ ತೇಲುವ ಸೆರೆಮನೆಗಳ ಪುಸ್ತಕಗಳೂ ಉಳಿದಿವೆ.

ವಂಶಾನ್ವೇಷಕರಿಗೆ ಇದೊಂದು ವಿಚಿತ್ರವಾದ ಲಾಭ. ಊರಿನಲ್ಲಿಯೇ ಉಳಿದು ಪ್ರಾಮಾಣಿಕವಾಗಿ ದುಡಿದು ಸತ್ತ ಅಣ್ಣನ ಬಗ್ಗೆ ಮೂರು ಸಾಲು ಸಿಕ್ಕಿದರೆ ಹೆಚ್ಚು. ಕುರಿ ಕದ್ದು ವ್ಯಾನ್ ಡೀಮನ್ಸ್ ಲ್ಯಾಂಡಿಗೆ ಹೋದ ತಮ್ಮನ ಬಗ್ಗೆ ಆಳೆತ್ತರ, ಮೈಬಣ್ಣ, ಕಣ್ಣಿನ ಬಣ್ಣ, ಮುಖದ ಗಾಯದ ಗುರುತು, ತೋಳಿನ ಮೇಲೆ ಚುಚ್ಚಿಸಿಕೊಂಡ ಹಚ್ಚೆಯ ಅಕ್ಷರ, ಕಸುಬು, ಹಡಗಿನ ಹೆಸರು, ಅಲ್ಲಿ ಯಾರ ಜಮೀನಿನಲ್ಲಿ ಕೆಲಸ ಮಾಡಿದ, ಎಷ್ಟು ಸಲ ಉದ್ಧಟತನ ತೋರಿದ ಎಲ್ಲವೂ ಬರೆದಿದೆ. ಆ ದ್ವೀಪವೇ ಇಂದಿನ ಟಾಸ್ಮೇನಿಯ. ಅಲ್ಲಿನ ಕೈದಿ ದಾಖಲೆಗಳನ್ನು ಯುನೆಸ್ಕೋ ಸಂಸ್ಥೆ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿದೆ. ಹಚ್ಚೆಯಲ್ಲಿ ಹೆಂಡತಿಯ ಹೆಸರಿನ ಮೊದಲಕ್ಷರ ಕಂಡು ಆಳನ್ನು ಗುರುತಿಸುವುದೂ ಉಂಟು.

ಇದಕ್ಕಿಂತಲೂ ನನ್ನ ಮನಸ್ಸಿಗೆ ತಟ್ಟುವ ಕಾಗದಗಳು ಕ್ಷಮಾಯಾಚನೆಯ ಅರ್ಜಿಗಳು. 1819ರಿಂದ 1854ರವರೆಗಿನವು ಗೃಹಖಾತೆಯ ಎರಡು ದೊಡ್ಡ ಸಂಗ್ರಹಗಳಲ್ಲಿವೆ. ಹೆಂಡತಿಯೋ ಮುದಿ ತಂದೆಯೋ ಪಾದ್ರಿಯಿಂದಲೋ ಮೇಷ್ಟರಿಂದಲೋ ಬರೆಯಿಸಿ, ಊರಿನ ನಾಲ್ಕು ಜನರ ಸಹಿ ಹಾಕಿಸಿ ಕಳುಹಿಸಿದವು. ಇವನು ಇಂಥವರ ಮಗ, ಇಷ್ಟು ಮಕ್ಕಳ ತಂದೆ, ಇಂಥ ಒಡೆಯನಲ್ಲಿ ಇಷ್ಟು ವರ್ಷ ದುಡಿದವನು ಎಂದು ಮೊರೆಯಿಟ್ಟಿರುತ್ತಾರೆ. ನ್ಯಾಯಾಲಯದ ಕಡತ ಫಿರ್ಯಾದಿಯ ಕಣ್ಣಿನಿಂದ ನೋಡಿದರೆ, ಈ ಅರ್ಜಿ ಮನೆಯ ಬಾಗಿಲಿನಿಂದ ನೋಡುತ್ತದೆ. ವಂಶಾವಳಿಗೆ ಬೇಕಾದ ಸಂಬಂಧಗಳೆಲ್ಲ ಹೆಚ್ಚಾಗಿ ಸಿಕ್ಕುವುದು ಇಲ್ಲಿಯೇ.

ಎರಡನೆಯ ಮದುವೆಯ ಅಪರಾಧದ ಬಗ್ಗೆಯೂ ಒಂದು ಮಾತು ಹೇಳಬೇಕು. ಮನೆತನದ ಪುಸ್ತಕವನ್ನು ಗೊಂದಲಕ್ಕೆ ಹಾಕುವುದರಲ್ಲಿ ಕಳವಿಗಿಂತ ಇದೇ ಮುಂದು. 1857ರ ಕಾನೂನು ಬರುವವರೆಗೆ ಇಂಗ್ಲೆಂಡಿನಲ್ಲಿ ಪೂರ್ಣ ವಿಚ್ಛೇದನಕ್ಕೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಶಾಸನವೇ ಆಗಬೇಕಾಗಿತ್ತು. ಅದು ನೂರಾರು ಪೌಂಡಿನ ಬಾಬತ್ತು. ಬಡವರು ಏನು ಮಾಡಬೇಕು? ಬಿಟ್ಟುಹೋದವರನ್ನು ಸತ್ತರೆಂದು ತಿಳಿದು, ಇಲ್ಲವೆ ಹಾಗೆಂದು ಹೇಳಿಕೊಂಡು, ಬೇರೆ ಊರಿನಲ್ಲಿ ಮತ್ತೆ ಮದುವೆಯಾಗುತ್ತಿದ್ದರು. 1845ರಲ್ಲಿ ನ್ಯಾಯಮೂರ್ತಿ ಮೌಲ್ ಎಂಬವರು ಇಂಥ ಬಡ ಆರೋಪಿಯೊಬ್ಬನಿಗೆ, ನೀನು ಯಾವ ಯಾವ ನ್ಯಾಯಾಲಯಗಳನ್ನು ಏರಿ ಎಷ್ಟೆಷ್ಟು ಹಣ ಸುರಿದಿದ್ದರೆ ಕಾನೂನುಬದ್ಧವಾಗಿ ಬಿಡುಗಡೆ ಹೊಂದಬಹುದಾಗಿತ್ತೆಂದು ಗಂಭೀರ ಮುಖದಿಂದ ವಿವರಿಸಿ, ಅತಿ ಕಡಿಮೆ ಶಿಕ್ಷೆ ಕೊಟ್ಟು ಕಳುಹಿಸಿದರಂತೆ. ಆ ವ್ಯಂಗ್ಯ ದೇಶದಲ್ಲೆಲ್ಲ ಹರಡಿ, ವಿಚ್ಛೇದನದ ಕಾನೂನು ಸುಧಾರಿಸಬೇಕೆಂಬವರ ಬಾಯಲ್ಲಿ ಬಹುಕಾಲ ಉಳಿಯಿತು.

1853ರಿಂದ ದ್ವೀಪಾಂತರದ ಬದಲು ಸ್ವದೇಶದಲ್ಲೇ ಕಠಿಣ ಸೆರೆ ಹೆಚ್ಚಾಗಿ ಬಂತು. 1869 ಮತ್ತು 1871ರ ಕಾನೂನುಗಳು ಪದೇ ಪದೇ ಅಪರಾಧ ಮಾಡುವವರ ಪಟ್ಟಿಯನ್ನೂ ಸೆರೆಯಾಳುಗಳ ಭಾವಚಿತ್ರವನ್ನೂ ತಂದುವು. ಬಡವರ ಮನೆಯಲ್ಲಿ ಫೋಟೋ ಇಲ್ಲದ ಕಾಲದಲ್ಲಿ ಸೆರೆಮನೆಯವರು ತೆಗೆದ ಈ ಚಿತ್ರವೇ ಮುತ್ತಜ್ಜಿಯ ಏಕೈಕ ಮುಖದರ್ಶನವಾಗಿರುವ ಕುಟುಂಬಗಳಿವೆ.

ಈ 1871ನೆಯ ಇಸವಿಯನ್ನು ನಾವು ನೆನಪಿನಲ್ಲಿಡತಕ್ಕದ್ದು. ಇಂಗ್ಲೆಂಡಿನಲ್ಲಿ ಶಿಕ್ಷೆ ಹೊಂದಿದ ವ್ಯಕ್ತಿಯ ಹೆಸರನ್ನು ಪಟ್ಟಿಗೆ ಸೇರಿಸುತ್ತಿದ್ದ ಅದೇ ವರ್ಷ, ಅದೇ ಸಾಮ್ರಾಜ್ಯ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾನೂನನ್ನು ಜಾರಿಗೆ ತಂದಿತು. ಅಲ್ಲಿ ಪಟ್ಟಿಗೆ ಹೋಗಲು ಅಪರಾಧ ಸಾಬೀತಾಗಬೇಕಾಗಿತ್ತು. ಇಲ್ಲಿ ಹುಟ್ಟಿದರೆ ಸಾಕಾಗಿತ್ತು. ಮೊದಲು ಉತ್ತರ ಭಾರತಕ್ಕೆ ಅನ್ವಯಿಸಿದ ಈ ಕಾನೂನು 1911ರ ಹೊತ್ತಿಗೆ ದಕ್ಷಿಣಕ್ಕೂ ವ್ಯಾಪಿಸಿತು. ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳನ್ನು ಮಾಡಿ, ಇಡೀ ಕುಟುಂಬಗಳನ್ನು ಅಲ್ಲಿಟ್ಟು ಹಾಜರಿ ತೆಗೆದುಕೊಳ್ಳುತ್ತಿದ್ದರು. ಸ್ವತಂತ್ರ ಭಾರತ 1952ರಲ್ಲಿ ಆ ಕಾನೂನನ್ನು ರದ್ದುಮಾಡಿತು. ಲಂಡನ್ನಿನ ಒಬ್ಬ ಗುಮಾಸ್ತ ತನ್ನ ಮುತ್ತಜ್ಜ ಕಳ್ಳನಾಗಿದ್ದನೆಂದು ನಗುತ್ತ ಹೇಳಿಕೊಳ್ಳಬಲ್ಲ. ಅವನನ್ನು ಅದಕ್ಕಾಗಿ ಯಾರೂ ಠಾಣೆಗೆ ಕರೆಸಿಲ್ಲ. ಆ ನಗು ಎಲ್ಲರಿಗೂ ಅಷ್ಟು ಅಗ್ಗವಾಗಿ ದೊರೆತದ್ದಲ್ಲ.

ಆಸ್ಟ್ರೇಲಿಯದವರಿಗೂ ಅದು ಬೇಗ ಬರಲಿಲ್ಲ. ವ್ಯಾನ್ ಡೀಮನ್ಸ್ ಲ್ಯಾಂಡ್ ಎಂಬ ದ್ವೀಪ 1856ರಲ್ಲಿ ಟಾಸ್ಮೇನಿಯ ಎಂದು ಹೆಸರು ಬದಲಿಸಿಕೊಂಡದ್ದರಲ್ಲಿ ಆ ಹಳೆಯ ಕಳಂಕವನ್ನು ತೊಳೆದುಕೊಳ್ಳುವ ಆಸೆಯೂ ಇತ್ತು. ಎರಡು ಮೂರು ತಲೆಮಾರಿನವರೆಗೆ ಮನೆಗಳಲ್ಲಿ ಅಜ್ಜನ ಹಡಗಿನ ಹೆಸರನ್ನು ಎತ್ತುತ್ತಿರಲಿಲ್ಲ. ಈಗ ಗಾಳಿ ಬೇರೆ ದಿಕ್ಕಿನದು. ಬ್ರಿಸ್ಟಲಿನ ವಾಸ್ತುಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇ 1812ರಲ್ಲಿ ಖೋಟಾ ದಸ್ತಾವೇಜು ಸೃಷ್ಟಿಸಿದ್ದಕ್ಕೆ ಮರಣದಂಡನೆ ಹೊಂದಿ, ಅದು ಹದಿನಾಲ್ಕು ವರ್ಷದ ದ್ವೀಪಾಂತರಕ್ಕೆ ಇಳಿದು, ಸಿಡ್ನಿಯಲ್ಲಿ ಸರ್ಕಾರದ ಕಟ್ಟಡಗಳನ್ನು ಕಟ್ಟಿದ. 1966ರಲ್ಲಿ ಆಸ್ಟ್ರೇಲಿಯ ಸರ್ಕಾರ ತನ್ನ ಮೊದಲ ಹತ್ತು ಡಾಲರಿನ ನೋಟಿನ ಮೇಲೆ ಅವನ ಚಿತ್ರವನ್ನು ಅಚ್ಚುಮಾಡಿಸಿತು. ಖೋಟಾ ಕಾಗದ ಮಾಡಿದವನಿಗೆ ನೋಟಿನ ಮೇಲೆ ಸ್ಥಾನ!

ಕೊನೆಯದಾಗಿ ಡಾರ್ಸೆಟ್ ಜಿಲ್ಲೆಯ ಟಾಲ್‌ಪಡಲ್ ಹಳ್ಳಿಯ ಒಂದು ಹೆಸರು. ವಾರದ ಕೂಲಿಯನ್ನು 7 ಷಿಲಿಂಗಿಗೆ ಇಳಿಸಿದಾಗ ಅಲ್ಲಿನ ಕೂಲಿಕಾರರು ಸಂಘ ಕಟ್ಟಿ ಗುಟ್ಟಾಗಿ ಪ್ರಮಾಣ ಮಾಡಿದರು. ಸಂಘ ಕಟ್ಟುವುದು ಆಗ ಅಪರಾಧವಾಗಿರಲಿಲ್ಲ. ನೌಕಾಪಡೆಯ ದಂಗೆಗಾಗಿ 1797ರಲ್ಲಿ ಮಾಡಿದ್ದ ಕಾನೂನನ್ನು ಹುಡುಕಿ ತೆಗೆದು, ಪ್ರಮಾಣ ಮಾಡಿದ್ದೇ ಅಪರಾಧವೆಂದು 1834ರ ಮಾರ್ಚಿನಲ್ಲಿ ಡಾರ್ಚೆಸ್ಟರಿನ ಅಸೈಜಿನಲ್ಲಿ ಆರು ಮಂದಿಗೆ ಏಳು ವರ್ಷದ ದ್ವೀಪಾಂತರ ವಿಧಿಸಿದರು. ದೇಶವೆಲ್ಲ ಕೂಗೆದ್ದು 1836ರಲ್ಲಿ ಕ್ಷಮಾದಾನವಾಯಿತು. ಹಿಂತಿರುಗಿದವರಲ್ಲಿ ಐವರು ಮುಂದೆ ಕೆನಡಾಕ್ಕೆ ಹೋಗಿ ನೆಲೆಸಿದರು. ಆರನೆಯವನಾದ ಜೇಮ್ಸ್ ಹ್ಯಾಮೆಟ್ ಮಾತ್ರ ಸ್ವಂತ ಊರಿಗೆ ಮರಳಿದ. ಪ್ರಮಾಣ ನಡೆದ ಸಭೆಯಲ್ಲಿ ಅವನು ಇರಲೇ ಇಲ್ಲ, ಅಲ್ಲಿದ್ದವನು ಅವನ ತಮ್ಮ ಜಾನ್, ಅವನ ಹೆಂಡತಿ ತುಂಬು ಗರ್ಭಿಣಿಯಾಗಿದ್ದುದರಿಂದ ಅಣ್ಣ ತುಟಿ ಬಿಚ್ಚದೆ ಆ ಶಿಕ್ಷೆಯನ್ನು ತಾನು ಹೊತ್ತುಕೊಂಡ ಎಂದು ಹೇಳುತ್ತಾರೆ. ದಾಖಲೆ ಪುಸ್ತಕದಲ್ಲಿ ಅಪರಾಧಿಯೆಂದು ಇರುವ ಹೆಸರು ಜೇಮ್ಸನದೇ. ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡು ಅವನು ಡಾರ್ಚೆಸ್ಟರಿನ ಬಡವರ ಆಶ್ರಮಕ್ಕೆ ಸೇರಿ 1891ರಲ್ಲಿ ತೀರಿಕೊಂಡ. ಟಾಲ್‌ಪಡಲ್ ಚರ್ಚಿನ ಅಂಗಳದಲ್ಲಿರುವ ಅವನ ಗೋರಿಗೆ 1934ರಲ್ಲಿ, ಶಿಕ್ಷೆಯಾಗಿ ಸರಿಯಾಗಿ ನೂರು ವರ್ಷಕ್ಕೆ, ಶಿಲ್ಪಿ ಎರಿಕ್ ಗಿಲ್ ಕೆತ್ತಿದ ಕಲ್ಲನ್ನು ನೆಟ್ಟರು.